ಮದ್ದು ಆರಿಸುವವರು ಯಾರು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆ ಹಿಂದೆ ಪಾಳೆಯಗಾರರ ನಾಡಾಗಿತ್ತು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಬೇಡ ನಾಯಕರು ಆಳಿದರು. ಅವರ ಚರಿತ್ರೆ ಹೇಳುವವರು ಕೋಟೆ, ಕತ್ತಿ, ಕೋವಿಗಳನ್ನು ನೆನೆಯುತ್ತಾರೆ. ಆದರೆ ಕೋವಿಯ ಹೊಟ್ಟೆಗೆ ಬೀಳುತ್ತಿದ್ದ ಮದ್ದನ್ನು ಯಾರೂ ನೆನೆಯುವುದಿಲ್ಲ.

ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರು ಸೇರಿದರೆ ಕರಿಮದ್ದು. ಉಪ್ಪುಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ಪೆಟ್ಲುಪ್ಪು ತೆಗೆಯುವ ಬಗೆಯೂ ಹೆಚ್ಚುಕಡಿಮೆ ಅದೇ. ಒಂದೇ ಮದ್ದು ಎಲ್ಲ ಆಯುಧಕ್ಕೂ ಒಪ್ಪುವುದಿಲ್ಲ. ಸಣ್ಣ ಕಾಳಿನ ಮದ್ದು ಬೇಗ ಉರಿಯುತ್ತದೆ, ದಪ್ಪ ಕಾಳಿನದು ನಿಧಾನ. ಕೋವಿಗೆ ಸಣ್ಣದು, ಫಿರಂಗಿಗೆ ದಪ್ಪನೆಯದು. ಲೆಕ್ಕ ತಪ್ಪಿದರೆ ನಳಿಗೆ ಸಿಡಿದು ಹಾರಿಸಿದವನೇ ಸಾಯುತ್ತಿದ್ದ.

1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರಾಲಿಯ ಸೈನ್ಯ ಈ ವಿದ್ಯೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತ್ತು. ಮೈಸೂರಿನ ರಾಕೆಟ್ಟುಗಳ ಗುಟ್ಟು ಬರೀ ಮದ್ದಿನಲ್ಲಿರಲಿಲ್ಲ, ಅದನ್ನು ತುಂಬಿದ ಕಬ್ಬಿಣದ ಕೊಳವೆಯಲ್ಲಿತ್ತು. ಕೊಳವೆ ಗಟ್ಟಿಯಾದುದರಿಂದ ಮದ್ದನ್ನು ಒತ್ತಿ ತುಂಬಬಹುದಿತ್ತು, ಬಾಣ ದೂರ ಹೋಗುತ್ತಿತ್ತು. 1780ರ ಪೊಲ್ಲಿಲೂರು ಕದನದಲ್ಲಿ ಕಂಪನಿಯ ಸೈನ್ಯ ಅದರ ರುಚಿ ಕಂಡಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಉಪ್ಪು ತೆಗೆದವರು, ಕಬ್ಬಿಣ ಬಡಿದವರು, ಬತ್ತಿ ಹಚ್ಚಿದವರು ಒಂದೇ ಜಾತಿಯವರಲ್ಲ, ಒಂದೇ ಧರ್ಮದವರೂ ಅಲ್ಲ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಥಾಮಸ್ ಮನ್ರೋ ಪಾಳೆಯಗಾರರ ಬಲ ಮುರಿದ. ಅಲ್ಲಿಂದ ಮುಂದೆ ಮದ್ದನ್ನು ಆರಿಸುವವನು ಬೇರೆ, ಹಾರಿಸುವವನು ಬೇರೆಯಾದ. 1857ರಲ್ಲಿ ಇದು ಸ್ಫೋಟಿಸಿತು. ಎನ್‌ಫೀಲ್ಡ್ ಬಂದೂಕಿನ ತೋಟಾವನ್ನು ಸಿಪಾಯಿ ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಕಾಗದಕ್ಕೆ ಹಸುವಿನ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಿಂದೂ ಮುಸ್ಲಿಮರಿಬ್ಬರನ್ನೂ ಕೆರಳಿಸಿತು. ಜಿಡ್ಡನ್ನು ನೀವೇ ಸವರಿಕೊಳ್ಳಿ ಎಂದು ಸರಕಾರ ಹೇಳುವಷ್ಟರಲ್ಲಿ ನಂಬಿಕೆ ಸತ್ತಿತ್ತು. ಅದೇ ವರ್ಷ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದ ಹಲಗಲಿಯ ಬೇಡರ ಮೇಲೆ ಕಂಪನಿ ಸೈನ್ಯ ನುಗ್ಗಿಸಿ, ಹಲವರನ್ನು ಗಲ್ಲಿಗೇರಿಸಿತು.

ಮುಂದೆ ಹೊಗೆಯಿಲ್ಲದ ಮದ್ದು ಬಂತು. ಬ್ರಿಟಿಷರು 1889ರಲ್ಲಿ ಕಾರ್ಡೈಟ್ ರೂಪಿಸಿದರು. ಅದನ್ನು ತಯಾರಿಸಲು ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಖಾನೆ ಎದ್ದಿತು. ಅರೆ ಸ್ವಯಂಚಾಲಿತ ರೈಫಲ್ಲುಗಳ ಕಾಲಕ್ಕೆ ಮದ್ದಿನ ಹೊಣೆ ಇಮ್ಮಡಿಸಿತು. ಇಲ್ಲಿ ಮದ್ದು ಗುಂಡನ್ನು ನೂಕಿದರೆ ಸಾಲದು. ಅದರ ಅನಿಲದಲ್ಲಿ ಒಂದು ಪಾಲು ಹಿಂದೆ ಬಂದು ಖಾಲಿ ತೋಟಾವನ್ನು ಹೊರಗೆಸೆದು ಇನ್ನೊಂದನ್ನು ಒಳಗೆ ತರಬೇಕು. ಒತ್ತಡ ಕಡಿಮೆಯಾದರೆ ಬಂದೂಕು ನಿಲ್ಲುತ್ತದೆ, ಹೆಚ್ಚಾದರೆ ಭಾಗಗಳು ಸವೆದು ಮುರಿಯುತ್ತವೆ. ನಮ್ಮ ಸೈನ್ಯ ದಶಕಗಳ ಕಾಲ ಬಳಸಿದ ಇಶಾಪುರದ ಎಸ್ಸೆಲ್ಲಾರ್ ರೈಫಲ್ಲಿನಲ್ಲಿ ಈ ಅನಿಲವನ್ನು ಹೆಚ್ಚುಕಡಿಮೆ ಮಾಡುವ ವ್ಯವಸ್ಥೆಯಿತ್ತು.

ಅಮೆರಿಕದ ಎಂ-16ರಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಕಡ್ಡಿಯಾಕಾರದ ಮದ್ದಿಗೆ ಹೊಂದಿಸಿದ್ದ ಆ ಬಂದೂಕಿಗೆ 1964ರಲ್ಲಿ ಅಧಿಕಾರಿಗಳು ಗುಂಡುಕಾಳಿನ ಮದ್ದನ್ನು ಗೊತ್ತುಮಾಡಿದರು. ಹಾರಿಸುವ ವೇಗ ಮಿತಿ ಮೀರಿತು, ಒಳಗೆ ಮಸಿ ಕಟ್ಟಿತು. ತೊಳೆಯುವ ಸಾಮಾನೂ ಸಾಕಷ್ಟು ಕೊಟ್ಟಿರಲಿಲ್ಲ. ವಿಯೆಟ್ನಾಮಿನಲ್ಲಿ ಸಿಕ್ಕಿಬಿದ್ದ ಬಂದೂಕನ್ನು ಬಿಡಿಸುತ್ತಲೇ ಸೈನಿಕರು ಸತ್ತರು. ಸಾಕಷ್ಟು ಪರೀಕ್ಷೆಯಿಲ್ಲದೆ ಮದ್ದು ಬದಲಿಸಿದ್ದು ತಪ್ಪೆಂದು 1967ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೇ ಹೇಳಿತು.

ಇಂದು ಅಮೆರಿಕದಲ್ಲಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಪರವಾನಗಿಯಿಲ್ಲದೆ ಅದು ಅಪರಾಧ, ಹಾಗಿರುವುದೇ ಒಳ್ಳೆಯದು. ಆದರೆ ಆಯ್ಕೆಯ ಹಕ್ಕನ್ನು ಜನರಿಂದ ತೆಗೆದುಕೊಂಡ ಸರಕಾರ ಅದರ ಹೊಣೆಯನ್ನೂ ಹೊರಬೇಕು. ಕಚೇರಿಯಲ್ಲಿ ಕೂತು ಮದ್ದು ಆರಿಸಿದವರ ತಪ್ಪಿಗೆ ಜೀವ ತೆತ್ತವರು ಹಿಂದೂಗಳೂ ಹೌದು, ಮುಸ್ಲಿಮರೂ ಹೌದು, ವಿಯೆಟ್ನಾಮಿಗೆ ಹೋದ ಬಡವರ ಮಕ್ಕಳೂ ಹೌದು. ಗೆದ್ದ ಅರಸರ ಹೆಸರಿನ ಜೊತೆಗೆ ಇವರ ಲೆಕ್ಕವನ್ನೂ ಇತಿಹಾಸ ಇಡಬೇಕಾಗಿದೆ.