ಕಹಿ ಸರೋವರದ ಬಂದಿಗಳು

2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ 400 ಮೀಟರ್ ಉದ್ದದ ಸರಕುಹಡಗು ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತಷ್ಟೆ. ಆರು ದಿನ ಹಾದಿಯೇ ಮುಚ್ಚಿತು. ಮಣ್ಣು ತೋಡಿ, ಹಗ್ಗ ಕಟ್ಟಿ ಎಳೆದು, ಕಡೆಗೆ ನಮ್ಮ ಹೋಳಿ ಹುಣ್ಣಿಮೆಯ ಉಬ್ಬರವೂ ನೆರವಾಗಿ ಹಡಗು ತೇಲಿತು.

ನಮಗೆ ಕಥೆ ಅಲ್ಲಿಗೆ ಮುಗಿಯಿತು. ಅದರ 25 ನಾವಿಕರೂ ಭಾರತೀಯರೆಂಬುದನ್ನು ನಾನೂ ಮರೆತಿದ್ದೆ. ಪರಿಹಾರದ ವ್ಯಾಜ್ಯ ಹೂಡಿ ಹಡಗನ್ನು ಕಾಲುವೆಯ ನಡುವಣ ಮಹಾ ಕಹಿ ಸರೋವರದಲ್ಲಿ ಜುಲೈ 7ರವರೆಗೆ ತಡೆದಿಟ್ಟರು. ಜಗಳ ಹಣದ್ದು, ಕಾವಲು ನಾವಿಕರದು!

ಆ ಸರೋವರಕ್ಕೆ ಇದು ಹೊಸದಲ್ಲ. 1967ರ ಯುದ್ಧದಲ್ಲಿ ಅಲ್ಲಿ ಸಿಕ್ಕಿಬಿದ್ದ 14 ಹಡಗುಗಳಿಗೆ ದಾರಿ ತೆರೆದದ್ದು 1975ರಲ್ಲಿ. ಸರದಿಯಂತೆ ಬಂದುಹೋದ ನಾವಿಕರು, ಮರಳು ಕವಿದ ಆ ಹಡಗುಗಳಲ್ಲಿ ಕುಳಿತು, ತಮ್ಮದೇ ಅಂಚೆಚೀಟಿಗಳನ್ನು ಕೈಯಾರೆ ಮಾಡಿ ಮನೆಗೆ ಕಾಗದ ಬರೆಯುತ್ತಿದ್ದರು.