ಮಾಸ್ತಿಕಲ್ಲುಗಳೂ ವಿದ್ಯಾರ್ಥಿಗಳ ಚರಿತ್ರಶೋಧನೆಯೂ

ನಮ್ಮ ನಾಡಿನ ಹಳೆಯ ಊರುಗಳಲ್ಲಿ ಕೆರೆಯ ಏರಿಯ ಮೇಲೋ, ಹಾಳುಗುಡಿಯ ಅಂಗಳದಲ್ಲಿಯೋ, ಹೊಲದ ಬದುವಿನಲ್ಲಿಯೋ ವೀರಗಲ್ಲುಗಳ ಜತೆಗೆ ಮಾಸ್ತಿಕಲ್ಲುಗಳೂ ನಿಂತಿರುವುದು ವಾಚಕರಿಗೆ ವಿದಿತವೇ ಆಗಿದೆ. ಕಂಬದಿಂದ ಹೊರಟು ಮೊಳಕೈಯಲ್ಲಿ ಬಾಗಿ ಮೇಲಕ್ಕೆತ್ತಿರುವ ಕೈ, ಆ ಕೈಯಲ್ಲಿ ಒಡೆಯದ ಬಳೆಗಳು, ಬೆರಳುಗಳ ನಡುವೆ ನಿಂಬೆಯ ಹಣ್ಣು, ಇವು ಅವುಗಳಲ್ಲಿ ಬಹುಮಟ್ಟಿಗೆ ಕಾಣುವ ಲಕ್ಷಣಗಳು. ಗಂಡನು ಸತ್ತ ಮೇಲೆ ಅಗ್ನಿಪ್ರವೇಶ ಮಾಡಿದವಳನ್ನು ಮಹಾಸತಿಯೆಂದು ಕರೆದು ನಿಲ್ಲಿಸಿದ ಕಲ್ಲು ಬಾಯಿಮಾತಿನಲ್ಲಿ ಮಾಸ್ತಿಕಲ್ಲಾಯಿತು. ತಮ್ಮ ಊರಿನ ಚರಿತ್ರೆಯನ್ನು ಬರೆದು ತರಬೇಕೆಂದು ಉಪಾಧ್ಯಾಯರು ಹೇಳಿದರೆ ಮಕ್ಕಳ ಕಣ್ಣಿಗೆ ಮೊದಲು ಬೀಳುವ ಆಧಾರಗಳಲ್ಲಿ ಇದೂ ಒಂದು. ಆದರೆ ಕೆರೆಯ ತೂಬನ್ನು ಕುರಿತು, ಗುಡಿಯ ದತ್ತಿಯನ್ನು ಕುರಿತು ವಿಚಾರಿಸಿದಂತೆ ಇದನ್ನು ವಿಚಾರಿಸಲಾಗದು. ಇಲ್ಲಿ ಒಬ್ಬ ಹೆಂಗಸು ಬೆಂಕಿಯಲ್ಲಿ ಸತ್ತಿರುವಳು. ಅನೇಕ ಕಡೆಗಳಲ್ಲಿ ಆಕೆಯನ್ನು ಇಂದಿಗೂ ಪೂಜಿಸುವ ಮನೆತನಗಳು ಇರುವುವು. ಇಂತಹ ವಿಷಯವನ್ನು ಮಕ್ಕಳಿಂದ ಶೋಧಿಸಿಸುವ ಕ್ರಮವೇನೆಂಬುದೇ ಪ್ರಕೃತ ಲೇಖನದ ವಿಚಾರ.

ಉದಾಹರಣೆಗೆ ಸಾಹಿತ್ಯೋಪಾಧ್ಯಾಯರೆಲ್ಲರೂ ಬಲ್ಲ ಬೆಳತೂರಿನ ಶಾಸನವನ್ನೇ ತೆಗೆದುಕೊಳ್ಳೋಣ. ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಕಡೆಯದಾದ ಇದರ ಕಾಲವು ಶಕವರ್ಷ ೯೭೯, ಎಂದರೆ ಕ್ರಿ. ಶ. ೧೦೫೭. ರೈಸ್ ಮಹಾಶಯರು ೧೮೯೮ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ೪ನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ನುಗುನಾಡಿನ ಒಡೆಯನಾದ ರವಿಗನ ಮಗಳು ದೇಕಬ್ಬೆ. ಆಕೆಯ ಗಂಡನು ನವಲೆನಾಡಿನ ಏಚ. ಇವನು ಬಂಧುವೊಬ್ಬನನ್ನು ಮಲ್ಲಯುದ್ಧದಲ್ಲಿ ಕೊಂದ ಕಾರಣ ತಲಕಾಡಿನಲ್ಲಿ ರಾಜಾಜ್ಞೆಯಿಂದ ಹತನಾದನು. ಸುದ್ದಿಯನ್ನು ಕೇಳಿದ ದೇಕಬ್ಬೆಯು ಬೆಂಕಿಯನ್ನು ಹೊಗಲು ನಿಶ್ಚಯಿಸಿದಳು, ತಂದೆತಾಯಿಗಳು ಬೇಡವೆಂದರು, ಆಕೆ ಒಪ್ಪದೆ, ದಾನಗಳನ್ನು ಕೊಟ್ಟು, ಕೈಮುಗಿದು ಅಗ್ನಿಯನ್ನು ಹೊಕ್ಕಳು. ಇಷ್ಟು ಶಾಸನದ ಕಥೆ.

ಹಲವು ವರ್ಷಗಳ ಹಿಂದೆ ನಾನು ಒಂದು ಪ್ರೌಢಶಾಲೆಯಲ್ಲಿ ಈ ಶಾಸನವನ್ನು ಪಾಠ ಹೇಳುತ್ತಿದ್ದೆನು. ಕರುಣವೀರರಸಗಳ ಸಾಂಕರ್ಯವನ್ನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಒಬ್ಬ ಹುಡುಗಿಯು ಎದ್ದು, “ಮೇಷ್ಟ್ರೇ, ಅವರಪ್ಪ ಅಮ್ಮ ಬೇಡವೆಂದರಲ್ಲಾ, ಮತ್ತೆ ಕೈ ಹಿಡಿದು ನಿಲ್ಲಿಸಿದವರು ಒಬ್ಬರೂ ಇರಲಿಲ್ಲವೇ?” ಎಂದು ಕೇಳಿದಳು. ನಾನು ಉತ್ತರ ಹೇಳದೆ ಛಂದಸ್ಸಿನ ಮಾತಿಗೆ ಹೊರಳಿಕೊಂಡೆನು. ಹಿಂದಿನ ಸಾಲಿನ ಹುಡುಗನೊಬ್ಬನು ಬೆಂಕಿಗೆ ಬಿದ್ದವಳನ್ನು ದೇವರೆನ್ನುವುದು ಹುಚ್ಚೆಂದು ನಕ್ಕನು. ಅವನ ಪಕ್ಕದಲ್ಲಿ ಕುಳಿತಿದ್ದವನ ಮನೆಯವರು ತಮ್ಮ ಊರಿನ ಮಾಸ್ತಮ್ಮನಿಗೆ ಮೊದಲ ಪೂಜೆಯನ್ನು ಸಲ್ಲಿಸತಕ್ಕವರು. ಆ ಬಾಲಕನು ತನ್ನ ಊರಿನ ಚರಿತ್ರೆಯನ್ನು ಬರೆದು ತರಲೇ ಇಲ್ಲ. ನನ್ನ ಹೊಗಳಿಕೆಯು ಒಂದು ಪ್ರಶ್ನೆಯನ್ನು ಮುಚ್ಚಿತು. ನಾನು ತಡೆಯದೆ ಬಿಟ್ಟ ನಗೆಯು ಒಬ್ಬ ವಿದ್ಯಾರ್ಥಿಯ ಬಾಯನ್ನು ಮುಚ್ಚಿತು. ಎರಡೂ ನನ್ನ ತಪ್ಪುಗಳೇ.

ಆ ಹುಡುಗಿಯ ಪ್ರಶ್ನೆಗೆ ನಾನು ಹೇಳಬೇಕಾಗಿದ್ದ ಉತ್ತರವು ಇದು: ಶಾಸನವು ದೇಕಬ್ಬೆಯ ಮಾತನ್ನು ಹೇಳಿದರೂ ಅದು ದೇಕಬ್ಬೆಯು ಬರೆದುದಲ್ಲ, ಆಕೆಯ ಮರಣಾನಂತರ ಆಕೆಯನ್ನು ಸ್ತುತಿಸಲು ರಚಿತವಾದುದು. ಆದುದರಿಂದ ಅದು ಕಲ್ಲನ್ನು ನಿಲ್ಲಿಸಿದವರ ಮನಸ್ಸಿಗೆ ನೇರವಾದ ಪ್ರಮಾಣ. ಸತ್ತವಳ ಮನಸ್ಸಿಗೆ ಪರೋಕ್ಷವಾದ ಪ್ರಮಾಣ ಮಾತ್ರ. ಆದರೂ ಆ ಸ್ತುತಿಯೇ ತಂದೆತಾಯಿಗಳ ನಿಷೇಧವನ್ನು ಉಳಿಸಿಕೊಟ್ಟಿದೆ. ಬೇಡವೆಂದವರು ಆ ಕಾಲದಲ್ಲಿಯೂ ಇದ್ದರೆಂಬುದನ್ನು ಹುಡುಗಿಯು ಕಂಡಳು, ನಾನು ಕಾಣಲಿಲ್ಲ.

“ಅದು ಆ ಕಾಲದ ಧರ್ಮ” ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ಶಾಸ್ತ್ರದೃಷ್ಟಿಯಿಂದ ಸರಿಯಲ್ಲ. ಕ್ರಿ. ಶ. ೫೧೦ರ ಏರಣದ ಶಾಸನದಲ್ಲಿ ಗೋಪರಾಜನ ಪತ್ನಿಯ ಸಹಗಮನವು ಉಕ್ತವಾಗಿರುವುದು ನಿಜ. ಆದರೆ ೭ನೆಯ ಶತಮಾನದ ಬಾಣನು ಕಾದಂಬರಿಯಲ್ಲಿ ಚಂದ್ರಾಪೀಡನ ಬಾಯಿಂದ ಅನುಮರಣವನ್ನು ನಿಷ್ಫಲವೆಂದು ಖಂಡಿಸಿಸಿದನು. ಮನುಸ್ಮೃತಿಯ ವ್ಯಾಖ್ಯಾತೃವಾದ ಮೇಧಾತಿಥಿಯು ಇದನ್ನು ಒಪ್ಪಲಿಲ್ಲ. ನಮ್ಮ ಕಲ್ಯಾಣದಲ್ಲಿಯೇ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ಸಮರ್ಥಿಸಿದರೂ, ಗರ್ಭಿಣಿಯರನ್ನೂ ಎಳೆಯ ಮಕ್ಕಳುಳ್ಳವರನ್ನೂ ಬಿಟ್ಟೇ ಹೇಳಿದನು. ಹೀಗೆ ಪೂರ್ವಪಂಡಿತರಲ್ಲಿಯೇ ಮತಭೇದವಿದ್ದಿತು. ಇದನ್ನು ತಿಳಿಸಿದರೆ ವಿದ್ಯಾರ್ಥಿಯು ಪೂರ್ವಿಕರೆಲ್ಲರನ್ನೂ ಒಂದೇ ಮಾತಿನಿಂದ ಪೂಜಿಸುವುದೂ ಇಲ್ಲ, ಹಳಿಯುವುದೂ ಇಲ್ಲ. ೧೮೨೯ರಲ್ಲಿ ಬೆಂಟಿಂಕನ ಕಾಲದ ಬಂಗಾಳದ ಕಾಯಿದೆಯು ಈ ಆಚಾರವನ್ನು ನಿಷೇಧಿಸಿತು. ೧೯೮೭ರ ಭಾರತದ ಕಾಯಿದೆಯು ಅದರ ವೈಭವೀಕರಣವನ್ನೂ ಅಪರಾಧವೆಂದಿತು. ಆದಕಾರಣ ಶಾಲೆಯ ಉತ್ಸವದಲ್ಲಿ ಮಕ್ಕಳಿಂದ ಅಗ್ನಿಪ್ರವೇಶದ ವೇಷವನ್ನು ಹಾಕಿಸತಕ್ಕದ್ದಲ್ಲ. ಕಾಯಿದೆಯ ಮಾತಿರಲಿ, ಸಾವನ್ನು ಆಟವಾಗಿಸುವುದು ಚರಿತ್ರೆಯ ಪಾಠವಲ್ಲ.

ಇನ್ನು ಆಚರಣೆಯ ಮಾತು. ಕಲ್ಲಿನ ಬಳಿಗೆ ಹೋಗುವ ಮೊದಲು ಊರಿನ ಹಿರಿಯರನ್ನೂ, ಪೂಜೆ ಮಾಡುವವರನ್ನೂ ಕಂಡು ಅನುಮತಿಯನ್ನು ಬೇಡಬೇಕು. ಅಕ್ಷರವು ಕಾಣಲೆಂದು ಕಲ್ಲನ್ನು ಕೆರೆಯುವುದಾಗಲಿ, ಸುಣ್ಣವನ್ನೋ ಎಣ್ಣೆಯನ್ನೋ ಬಳಿಯುವುದಾಗಲಿ ಕೂಡದು. ಬೆಳಗ್ಗೆ ಅಥವಾ ಸಂಜೆ ಓರೆಯಾದ ಬಿಸಿಲಿನಲ್ಲಿ ನೋಡಿದರೆ ಸವೆದ ಅಕ್ಷರವೂ ತೋರುವುದು. ಕಲ್ಲಿನ ಅಳತೆ, ಮುಖದ ದಿಕ್ಕು, ಶಿಲ್ಪದ ವಿವರ, ಇವನ್ನು ಮೊದಲು ಬರೆದುಕೊಳ್ಳಬೇಕು. ಆಮೇಲೆ ಹಾಳೆಯನ್ನು ಮೂರು ಭಾಗ ಮಾಡಿ, ಕಲ್ಲು ಹೇಳುವುದನ್ನು ಒಂದರಲ್ಲಿ, ಊರವರು ಹೇಳುವುದನ್ನು ಇನ್ನೊಂದರಲ್ಲಿ, ತನಗೆ ತೋರಿದುದನ್ನು ಮೂರನೆಯದರಲ್ಲಿ ಬರೆಯಿಸಬೇಕು. ಒಂದನ್ನು ಮತ್ತೊಂದರೊಡನೆ ಬೆರಸಗೊಡಬಾರದು. ಅಕ್ಷರವಿಲ್ಲದ ಕಲ್ಲಿಗೆ ಹೆಸರನ್ನೂ ಕಥೆಯನ್ನೂ ಕಲ್ಪಿಸಬಾರದು. “ತ್ಯಾಗ” ಎಂದಾಗಲಿ “ಮೌಢ್ಯ” ಎಂದಾಗಲಿ ಮೊದಲೇ ಬರೆಯದೆ, “ಬೆಂಕಿಯನ್ನು ಹೊಕ್ಕಳೆಂದು ಶಾಸನವು ಹೇಳುತ್ತದೆ” ಎಂದು ಬರೆಯುವುದನ್ನು ಕಲಿಸಬೇಕು. ಮನೆತನದವರು ಹೇಳಲೊಲ್ಲದುದನ್ನು ಕೆದಕಬಾರದು. ಹೇಳಿದವರ ಹೆಸರನ್ನು ಅವರು ಒಪ್ಪಿದರೆ ಮಾತ್ರ ಬರೆಯತಕ್ಕದ್ದು. ಮನೆಯಲ್ಲಿ ಈಚೆಗೆ ಸಾವನ್ನು ಕಂಡ ಮಗುವಿಗೆ ಬೇರೆ ವಿಷಯವನ್ನು ಕೊಡುವುದು ಉಪಾಧ್ಯಾಯನ ಧರ್ಮ.

ಇಷ್ಟೆಲ್ಲಾ ಎಚ್ಚರವು ಬೇಕಾದರೆ ಇಂತಹ ವಿಷಯವನ್ನೇ ಬಿಟ್ಟುಬಿಡಬಾರದೇ ಎಂದು ಕೆಲವರು ಆಕ್ಷೇಪಿಸಬಹುದು. ಬಿಟ್ಟರೆ ಕಲ್ಲು ಅಲ್ಲಿಂದ ಹೋಗುವುದಿಲ್ಲ. ಮಕ್ಕಳು ದಿನವೂ ಅದರ ಮುಂದೆಯೇ ಶಾಲೆಗೆ ಬರುವರು. ನಾವು ಹೇಳದ ಅರ್ಥವನ್ನು ಮತ್ತಾರೋ ಹೇಳುವರು. ಮರ್ಯಾದೆಯೆಂದರೆ ಮೌನವಲ್ಲ. ಸತ್ತವಳನ್ನು ಮನುಷ್ಯಳೆಂದು ನೆನೆಯುವುದೂ, ಪೂಜಿಸುವವರನ್ನು ನೋಯಿಸದಿರುವುದೂ, ಕೇಳಿದ ಮಗುವಿಗೆ ನಿಜವನ್ನು ಹೇಳುವುದೂ, ಈ ಮೂರೂ ಕೂಡಿದುದೇ ಮರ್ಯಾದೆ. ನನ್ನ ತರಗತಿಯ ಆ ಹುಡುಗಿಗೆ ಅಂದು ಸಲ್ಲಬೇಕಾಗಿದ್ದ ಉತ್ತರವು ಇಂದು ತಡವಾಗಿ ಇಲ್ಲಿ ಸಂದಿದೆ. ಉಪಾಧ್ಯಾಯಮಿತ್ರರು ತಮ್ಮ ಅನುಭವದಿಂದ ಇದನ್ನು ತಿದ್ದಿ ಬೆಳೆಯಿಸಬೇಕೆಂದು ಬೇಡುತ್ತೇನೆ.