ಮಕ್ಕಳ ಪ್ರಶ್ನೆ, ಉಸ್ತಾದರ ಉತ್ತರ: ಮದೀನಾದಿಂದ ಕೈರುವಾನಿನವರೆಗೆ

ಮುಂಜಾನೆಯ ಮದ್ರಸದಲ್ಲಿ ಪಾಠ ಮುಗಿಯಲು ಹತ್ತು ನಿಮಿಷ ಉಳಿದಿರುವಾಗಲೇ ಕಠಿಣವಾದ ಪ್ರಶ್ನೆಗಳು ಹುಟ್ಟುತ್ತವೆ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರ ಅನುಭವ. ಅದು ಶಾಲೆಯ ಬಸ್ಸು ಬರುವ ಹೊತ್ತು. ಮಕ್ಕಳು ಪುಸ್ತಕ ಮುಚ್ಚಿ ಚೀಲ ಎತ್ತಿಕೊಳ್ಳುತ್ತಿರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಹೊತ್ತಿನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಎದ್ದು ನಿಂತು, "ಉಸ್ತಾದ್, ಎಲ್ಲವನ್ನೂ ಅಲ್ಲಾಹನೇ ಸೃಷ್ಟಿಸಿದ್ದು ಅಂತ ಹೇಳಿದಿರಲ್ಲ, ಹಾಗಾದರೆ ಅಲ್ಲಾಹನನ್ನು ಸೃಷ್ಟಿಸಿದ್ದು ಯಾರು?" ಎಂದು ಕೇಳಿದಳು. "ತೌಬಾ! ಹಾಗೆಲ್ಲ ಕೇಳಬಾರದು, ಈಮಾನ್ ಹೋಗಿಬಿಡುತ್ತದೆ" ಎಂದು ನಾವು ಗದರಿದೆವು. ಉಳಿದ ಮಕ್ಕಳು ನಕ್ಕರು. ಅವಳು ಕುಳಿತುಕೊಂಡಳು. ಆ ವರ್ಷವಿಡೀ ಅವಳು ಪಾಠಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದಳು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದಳು. ಆದರೆ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆ ಮೌನವು ನಮ್ಮನ್ನು ಇತಿಹಾಸದ ಕಡೆಗೆ ತಿರುಗಿಸಿತು. ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಕೂರಿಸುವುದು ನಮ್ಮ ಪರಂಪರೆಯೇ, ಅಥವಾ ಕೇವಲ ನಮ್ಮ ಅವಸರವೇ? ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತಾ ಹೋಯಿತು. ಇಸ್ಲಾಮಿನ ಜ್ಞಾನಪರಂಪರೆಯು ಪ್ರಶ್ನೆಗಳಿಂದಲೇ ಬೆಳೆದಿದೆ, ಮತ್ತು ಆ ಪ್ರಶ್ನೆಗಳಲ್ಲಿ ಬಹಳಷ್ಟನ್ನು ಕೇಳಿದವರು ಎಳೆಯರು.

ಪ್ರವಾದಿ(ಸ)ರವರ ಮನೆಯಿಂದಲೇ ಆರಂಭಿಸೋಣ. ಆಯಿಶಾ(ರ)ರವರು ತಮಗೆ ಅರ್ಥವಾಗದ ಯಾವ ಮಾತನ್ನು ಕೇಳಿದರೂ, ಅರ್ಥವಾಗುವವರೆಗೆ ಮತ್ತೆ ಮತ್ತೆ ವಿಚಾರಿಸುತ್ತಿದ್ದರೆಂದು ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ವಿಚಾರಣೆಗೆ ಒಳಗಾದವನು ಶಿಕ್ಷೆಗೆ ಗುರಿಯಾಗುವನೆಂದು ಪ್ರವಾದಿ(ಸ)ರವರು ಒಮ್ಮೆ ಹೇಳಿದಾಗ, ಸಜ್ಜನರ ವಿಚಾರಣೆ ಸುಲಭವಾಗಿರುವುದೆಂದು ಕುರ್‌ಆನ್ ಹೇಳುತ್ತಿದೆಯಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಅಲ್ಲಾಹನ ಸಂದೇಶವಾಹಕರ ಮಾತಿಗೇ ಮರುಪ್ರಶ್ನೆ! ಅವರಿಗೆ ಗದರಿಕೆ ಸಿಗಲಿಲ್ಲ, ವಿವರಣೆ ಸಿಕ್ಕಿತು. ಕುರ್‌ಆನ್ ಹೇಳಿರುವುದು ಕರ್ಮಗಳನ್ನು ಮುಂದಿಡುವ ಬಗ್ಗೆ, ನಾಶವಾಗುವವನು ಒಂದೊಂದನ್ನೂ ಕೆದಕಿ ವಿಚಾರಿಸಲ್ಪಟ್ಟವನು ಎಂದು ಪ್ರವಾದಿ(ಸ)ರವರು ಬಿಡಿಸಿ ಹೇಳಿದರು. ಆ ಒಂದು ಪ್ರಶ್ನೆಯಿಲ್ಲದಿದ್ದರೆ ಈ ವ್ಯತ್ಯಾಸವು ನಮಗೆ ತಲುಪುತ್ತಿತ್ತೇ?

ಪ್ರವಾದಿ(ಸ)ರವರು ಸ್ವತಃ ಪ್ರಶ್ನೆ ಕೇಳಿ ಕಲಿಸುತ್ತಿದ್ದರು. ಎಲೆ ಉದುರದ, ಮುಸ್ಲಿಮನಿಗೆ ಹೋಲಿಕೆಯಾಗುವ ಮರ ಯಾವುದೆಂದು ಅವರು ಒಮ್ಮೆ ಸಹಾಬಿಗಳನ್ನು ಕೇಳಿದರು. ಎಲ್ಲರೂ ಮರುಭೂಮಿಯ ಮರಗಳನ್ನು ನೆನೆಯತೊಡಗಿದರು. ಉಮರ್(ರ)ರವರ ಮಗ ಅಬ್ದುಲ್ಲಾ(ರ)ರ ಮನಸ್ಸಿಗೆ ಖರ್ಜೂರದ ಮರವೆಂದು ಹೊಳೆಯಿತು. ಆದರೆ ಆ ಸಭೆಯಲ್ಲಿ ಅವರೇ ಅತಿ ಕಿರಿಯರು. ಅಬೂಬಕರ್(ರ) ಮತ್ತು ಉಮರ್(ರ)ರಂತಹ ಹಿರಿಯರೇ ಸುಮ್ಮನಿರುವುದನ್ನು ಕಂಡು ಸಂಕೋಚದಿಂದ ಅವರೂ ಬಾಯಿ ತೆರೆಯಲಿಲ್ಲ. ಅನಂತರ ಈ ವಿಷಯವನ್ನು ತಂದೆಗೆ ತಿಳಿಸಿದಾಗ, ನೀನು ಅಲ್ಲಿಯೇ ಹೇಳಿಬಿಟ್ಟಿದ್ದರೆ ಎಷ್ಟೋ ಸಂಪತ್ತಿಗಿಂತ ಅದು ನನಗೆ ಪ್ರಿಯವಾಗುತ್ತಿತ್ತು ಎಂಬರ್ಥದಲ್ಲಿ ಉಮರ್(ರ) ನುಡಿದರು. ಹಿರಿಯರ ನಡುವೆ ಕಿರಿಯನೊಬ್ಬ ಮಾತನಾಡುವುದು ಅದಬಿಗೆ ವಿರುದ್ಧವೆಂದು ಆ ತಂದೆ ಭಾವಿಸಲಿಲ್ಲ. ಮಗನ ಮೌನಕ್ಕಾಗಿ ಅವರು ಮರುಗಿದರು.

ಇದೇ ಉಮರ್(ರ) ಮುಂದೆ ಖಲೀಫರಾದಾಗ, ಬದ್ರ್ ಯುದ್ಧದಲ್ಲಿ ಪಾಲ್ಗೊಂಡ ಹಿರಿಯರ ಸಾಲಿನಲ್ಲಿ ಯುವಕ ಇಬ್ನು ಅಬ್ಬಾಸ್(ರ)ರನ್ನು ಕೂರಿಸುತ್ತಿದ್ದರು. ಇವನ ವಯಸ್ಸಿನ ಮಕ್ಕಳು ನಮಗೂ ಇದ್ದಾರಲ್ಲ ಎಂದು ಕೆಲವರು ಆಕ್ಷೇಪಿಸಿದರು. ಆಗ ಉಮರ್(ರ) ಸೂರಾ ಅನ್ನಸ್ರ್‌ನ ಆಶಯವೇನೆಂದು ಸಭೆಯನ್ನು ಕೇಳಿದರು. ವಿಜಯ ಲಭಿಸಿದಾಗ ಅಲ್ಲಾಹನನ್ನು ಸ್ತುತಿಸಿ ಕ್ಷಮೆ ಬೇಡಬೇಕೆಂಬ ಆದೇಶವೆಂದು ಕೆಲವರು ಹೇಳಿದರು. ಕೆಲವರು ಏನೂ ಹೇಳಲಿಲ್ಲ. ಇದು ಪ್ರವಾದಿ(ಸ)ರವರ ವಿದಾಯ ಸಮೀಪಿಸಿದ್ದರ ಸೂಚನೆಯೆಂದು ಇಬ್ನು ಅಬ್ಬಾಸ್(ರ) ಉತ್ತರಿಸಿದಾಗ, ತಮಗೂ ತಿಳಿದಿರುವುದು ಅದೇ ಎಂದು ಉಮರ್(ರ) ಒಪ್ಪಿದರು. ಪ್ರವಾದಿ(ಸ)ರವರು ತೀರಿಕೊಂಡಾಗ ಇಬ್ನು ಅಬ್ಬಾಸ್(ರ) ಇನ್ನೂ ಬಾಲಕರು. ತಮಗೆ ನೇರವಾಗಿ ಕೇಳಲಾಗದೆ ಹೋದುದನ್ನು ಅವರು ಹಿರಿಯ ಸಹಾಬಿಗಳ ಮನೆಬಾಗಿಲಲ್ಲಿ ಕಾದು ಕುಳಿತು ಕೇಳಿ ತಿಳಿದರು. ಕುರ್‌ಆನ್ ವ್ಯಾಖ್ಯಾನದಲ್ಲಿ ಈ ಸಮುದಾಯವು ಇಂದಿಗೂ ಆಶ್ರಯಿಸುವ ಹೆಸರು ಅವರದು.

ಇನ್ನು ಆ ಬಾಲಕಿಯ ಪ್ರಶ್ನೆಗೆ ಬರೋಣ. ಅದು ಹೊಸ ಪ್ರಶ್ನೆಯಲ್ಲ. ಇದನ್ನು ಸೃಷ್ಟಿಸಿದ್ದು ಯಾರು, ಅದನ್ನು ಸೃಷ್ಟಿಸಿದ್ದು ಯಾರು ಎನ್ನುತ್ತಾ ಕೊನೆಗೆ ನಿನ್ನ ಪ್ರಭುವನ್ನು ಸೃಷ್ಟಿಸಿದ್ದು ಯಾರು ಎಂಬಲ್ಲಿಗೆ ಶೈತಾನನು ಮನುಷ್ಯನನ್ನು ಒಯ್ಯುವನೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಅಲ್ಲಿಗೆ ತಲುಪಿದಾಗ ಅಲ್ಲಾಹನಲ್ಲಿ ಅಭಯ ಯಾಚಿಸಿ ನಿಲ್ಲಿಸಬೇಕೆಂದೂ ಹೇಳಿದ್ದಾರೆ. ಈ ಹದೀಸನ್ನು ಮುಂದಿಟ್ಟೇ ನಮ್ಮಂಥವರು ಮಕ್ಕಳ ಬಾಯಿ ಮುಚ್ಚಿಸುವುದು. ಆದರೆ ಅಬೂದಾವೂದ್‌ನ ವರದಿಯಲ್ಲಿ ಇದರ ಇನ್ನೊಂದು ಭಾಗವಿದೆ. ಆ ಪ್ರಶ್ನೆ ಎದುರಾದಾಗ ಅಲ್ಲಾಹನು ಏಕನು, ನಿರಪೇಕ್ಷನು, ಯಾರಿಗೂ ಜನ್ಮ ನೀಡಿದವನಲ್ಲ, ಯಾರಿಂದಲೂ ಜನಿಸಿದವನಲ್ಲ ಎಂಬ ಸೂರಾ ಇಖ್ಲಾಸ್‌ನ ಆಶಯವನ್ನು ಹೇಳಿರಿ ಎಂದು ಅಲ್ಲಿ ಕಲಿಸಲಾಗಿದೆ. ಅಂದರೆ ಪ್ರವಾದಿ(ಸ)ರವರು ಆ ಪ್ರಶ್ನೆಗೂ ಉತ್ತರ ಕೊಟ್ಟಿದ್ದಾರೆ. ಬಾಯಿಬಿಟ್ಟು ಹೇಳಲೂ ಭಯವಾಗುವಂಥ ಆಲೋಚನೆಗಳು ಮನಸ್ಸಿಗೆ ಬರುತ್ತವೆ ಎಂದು ಸಹಾಬಿಗಳು ಬಂದು ತೋಡಿಕೊಂಡಾಗ, ಅದನ್ನು ಸ್ಪಷ್ಟವಾದ ಈಮಾನ್ ಎಂದು ಅವರು ಕರೆದುದು ಸಹೀಹ್ ಮುಸ್ಲಿಮಿನಲ್ಲಿದೆ. ಆ ಭಯವೇ ವಿಶ್ವಾಸದ ಲಕ್ಷಣವೆಂದು ಅವರು ಸಾಂತ್ವನ ನೀಡಿದರು. ನಾವಾದರೋ ಎಂಟು ವರ್ಷದ ಮಗುವಿಗೆ ಈಮಾನ್ ಹೋಗುತ್ತದೆಂದು ಹೇಳಿದ್ದೆವು!

ಹೆಚ್ಚು ಪ್ರಶ್ನಿಸುವುದನ್ನು ಇಸ್ಲಾಮ್ ತಡೆದಿಲ್ಲವೇ ಎಂದು ಕೆಲವರು ಕೇಳಬಹುದು. ಅನಗತ್ಯವಾಗಿ ಕೆದಕುವುದನ್ನು ತಡೆದಿರುವುದು ನಿಜ. ಆದರೆ ತಿಳಿಯದಿದ್ದರೆ ತಿಳಿದವರನ್ನು ಕೇಳಿರೆಂದು ಆದೇಶಿಸಿರುವುದೂ ಅದೇ ಕುರ್‌ಆನ್. ಮೃತರನ್ನು ಹೇಗೆ ಜೀವಂತಗೊಳಿಸುವೆಯೆಂದು ಇಬ್ರಾಹೀಮ್(ಅ) ಅಲ್ಲಾಹನನ್ನೇ ಕೇಳಿದರು. ನಿನಗೆ ವಿಶ್ವಾಸವಿಲ್ಲವೇ ಎಂದಾಗ, ಇದೆ, ಆದರೆ ಮನಸ್ಸಿಗೆ ಸಮಾಧಾನವಾಗಬೇಕು ಎಂದರು. ಮಗುವಿನ ಪ್ರಶ್ನೆಯೂ ಬಹುತೇಕ ಆ ಸಮಾಧಾನಕ್ಕಾಗಿಯೇ ಇರುತ್ತದೆ.

ಮಕ್ಕಳಿಗೆ ಕಲಿಸುವ ಉಸ್ತಾದರ ಬಗ್ಗೆಯೇ ನಮ್ಮ ಪೂರ್ವಿಕರು ಗ್ರಂಥ ರಚಿಸಿದ್ದಾರೆಂಬುದು ಅನೇಕರಿಗೆ ತಿಳಿಯದು. ಇಂದಿನ ಟುನೀಷ್ಯಾದಲ್ಲಿರುವ ಕೈರುವಾನ್ ನಗರದಲ್ಲಿ ಬಾಳಿದ ಮುಹಮ್ಮದ್ ಇಬ್ನು ಸಹ್ನೂನ್ (ಕ್ರಿ.ಶ. 817-870) ಬರೆದ 'ಆದಾಬುಲ್ ಮುಅಲ್ಲಿಮೀನ್' ಅಂಥದ್ದೊಂದು ಕಿರುಗ್ರಂಥ. ಅವರ ತಂದೆ ಇಮಾಮ್ ಸಹ್ನೂನ್ ಮಾಲಿಕೀ ಮದ್‌ಹಬಿನ ಮಹಾನ್ ವಿದ್ವಾಂಸರು, ಕೈರುವಾನಿನ ಖಾಝಿಗಳು. ಗ್ರಂಥದ ಬಹುಭಾಗವು ಮಗ ಕೇಳಿದ ಪ್ರಶ್ನೆ ಮತ್ತು ತಂದೆ ಕೊಟ್ಟ ಉತ್ತರಗಳ ರೂಪದಲ್ಲಿದೆ.

ಅಲ್ಲಿ ಬರುವ ವಿಷಯಗಳು ನಮ್ಮ ದಿನನಿತ್ಯದವೇ. ಉಸ್ತಾದನು ಬಡವರ ಮತ್ತು ಶ್ರೀಮಂತರ ಮಕ್ಕಳಿಗೆ ಸಮಾನವಾಗಿ ಕಲಿಸಬೇಕು. ಸಂಬಳದ ಮೇಲೆ ಉಡುಗೊರೆ ತರುವಂತೆ ಮಕ್ಕಳನ್ನು ಒತ್ತಾಯಿಸಬಾರದು. ತನ್ನ ಮನೆಕೆಲಸಗಳಿಗೆ ಅವರನ್ನು ಕಳುಹಿಸಬಾರದು. ತಲೆಗೆ, ಮುಖಕ್ಕೆ ಹೊಡೆಯಬಾರದು. ಊಟಕ್ಕೆ ಕರೆ ಬಂದಾಗ ತಡೆದು ನಿಲ್ಲಿಸಬಾರದು. ಹಲಗೆಯ ಮೇಲೆ ಬರೆದ ಕುರ್‌ಆನ್ ವಚನಗಳನ್ನು ಅಳಿಸುವುದು ಹೇಗೆಂಬುದಕ್ಕೂ ಅಲ್ಲಿ ಉತ್ತರವಿದೆ. ಹಿಂದಿನ ಕಾಲದಲ್ಲಿ ಮಕ್ಕಳು ಸರದಿಯಂತೆ ಶುದ್ಧ ನೀರು ತಂದು ಪಾತ್ರೆಗೆ ಹಾಕುತ್ತಿದ್ದರು. ಅದರಲ್ಲಿ ಹಲಗೆ ತೊಳೆದು, ಆ ನೀರನ್ನು ನೆಲದಲ್ಲಿ ತೋಡಿದ ಗುಂಡಿಗೆ ಸುರಿಯುತ್ತಿದ್ದರು. ಇಷ್ಟು ಸಣ್ಣ ಸಂಗತಿಯನ್ನೂ ಪ್ರಶ್ನೆಗೆ ಅರ್ಹವೆಂದು ಭಾವಿಸಿದ ಕಾಲವದು. ತನ್ನ ಈ ಮಗನನ್ನು ಓದಿಗೆ ಸೇರಿಸುವಾಗ ಇಮಾಮ್ ಸಹ್ನೂನ್ ಉಸ್ತಾದರಿಗೆ ಹೇಳಿದ್ದು, ಇವನನ್ನು ಹೊಗಳಿಕೆ ಮತ್ತು ಮೃದು ಮಾತಿನಿಂದಲ್ಲದೆ ತಿದ್ದಬೇಡಿ, ಹೊಡೆದು ಗದರಿಸಿ ತಿದ್ದುವ ಸ್ವಭಾವ ಇವನದಲ್ಲ ಎಂದು.

ಈ ತಂದೆ-ಮಕ್ಕಳ ಜ್ಞಾನದ ಬೇರು ಮದೀನಾದ ಇಮಾಮ್ ಮಾಲಿಕ್ (ಮರಣ ಕ್ರಿ.ಶ. 795) ಅವರದು. ಅವರಿಗೆ ಒಮ್ಮೆ 48 ಪ್ರಶ್ನೆಗಳನ್ನು ಕೇಳಲಾಗಿ, ಅವುಗಳಲ್ಲಿ 32ಕ್ಕೆ 'ನನಗೆ ತಿಳಿಯದು' ಎಂದು ಉತ್ತರಿಸಿದರೆಂಬ ವರದಿ ಪ್ರಸಿದ್ಧವಾಗಿದೆ. ಉತ್ತರ ತಿಳಿಯದಾಗ ನಮ್ಮಲ್ಲಿ ಹಲವರಿಗೆ ಸಿಟ್ಟು ಬರುತ್ತದೆ, ಇಮಾಮರಿಗೆ ವಿನಯ ಬರುತ್ತಿತ್ತು. ಆ ಬೆಳಗ್ಗೆ ನಮ್ಮ ಗದರಿಕೆಯ ಹಿಂದೆ ಇದ್ದುದು ಧರ್ಮನಿಷ್ಠೆಯಲ್ಲ, ಥಟ್ಟನೆ ಉತ್ತರ ಹೊಳೆಯದ ಮುಜುಗರವೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಗದರಿಕೆಯ ಫಲವೇನೆಂಬುದನ್ನು ಟ್ಯೂನಿಸ್‌ನಲ್ಲಿ 1332ರಲ್ಲಿ ಜನಿಸಿದ ಇಬ್ನು ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ವಿವರಿಸಿದ್ದಾರೆ. ಕಾಠಿಣ್ಯದಲ್ಲಿ ಬೆಳೆದ ವಿದ್ಯಾರ್ಥಿಯ ಮನಸ್ಸು ಕುಗ್ಗುತ್ತದೆ, ಉತ್ಸಾಹ ಬತ್ತುತ್ತದೆ. ಶಿಕ್ಷೆಗೆ ಹೆದರಿ ಒಳಗಿರುವುದೊಂದು, ಹೊರಗೆ ತೋರಿಸುವುದೊಂದು ಎಂಬ ಕಪಟವನ್ನು ಅವನು ಕಲಿಯುತ್ತಾನೆ. ಮುಂದೆ ಅದೇ ಅವನ ಸ್ವಭಾವವಾಗುತ್ತದೆ ಎನ್ನುತ್ತಾರೆ ಅವರು. ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಾ ಏನನ್ನೂ ಕೇಳದಿದ್ದ ಆ ಬಾಲಕಿಯ ಮುಖ ಈ ಪುಟವನ್ನು ಓದುವಾಗ ನಮ್ಮ ಕಣ್ಣ ಮುಂದೆ ಬಂತು. ಇಲ್ಲಿ ಉತ್ತರ ಸಿಗದ ಮಗು ಪ್ರಶ್ನೆಯನ್ನು ಮರೆಯುವುದಿಲ್ಲ. ಕೈಯಲ್ಲಿರುವ ಮೊಬೈಲನ್ನು ಕೇಳುತ್ತದೆ, ಇಲ್ಲವೇ ಮನಸ್ಸಿನಲ್ಲೇ ಇಟ್ಟುಕೊಂಡು ದೂರವಾಗುತ್ತದೆ.

ಮರುವರ್ಷ ಮದ್ರಸ ತೆರೆದಾಗ ನಾವು ಅವಳನ್ನು ಕರೆದೆವು. ಅಂದು ನೀನು ಕೇಳಿದ್ದು ತಪ್ಪಲ್ಲ, ಗದರಿದ್ದು ನಮ್ಮ ತಪ್ಪು ಎಂದೆವು. ಸೂರಾ ಇಖ್ಲಾಸನ್ನು ಓದಿಸಿದೆವು. ಸೃಷ್ಟಿಯಾದ ವಸ್ತುವಿಗೆ ಒಂದು ಆರಂಭವಿರುತ್ತದೆ, ಆರಂಭವಿರುವುದಕ್ಕೆ ಸೃಷ್ಟಿಸಿದವನು ಬೇಕು, ಅಲ್ಲಾಹನಿಗೆ ಆರಂಭವೇ ಇಲ್ಲ, ಆದ್ದರಿಂದ ಅವನನ್ನು ಸೃಷ್ಟಿಸುವವರೂ ಇಲ್ಲ ಎಂದು ತಿಳಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲನೆ, "ಉಸ್ತಾದ್, ಸತ್ತುಹೋದ ನಮ್ಮ ಬೆಕ್ಕು ನಮಗೆ ಸ್ವರ್ಗದಲ್ಲಿ ಸಿಗುತ್ತದಾ?" ಎಂದು ಕೇಳಿದಳು.

"ಗೊತ್ತಿಲ್ಲ ಮಗಳೇ, ಕಿತಾಬ್ ನೋಡಿ ಹೇಳುತ್ತೇನೆ" ಎಂದೆವು.

ಪ್ರಿಯ ತಂದೆ-ತಾಯಂದಿರೇ, ಮಕ್ಕಳು ಕೇಳಿದಾಗ 'ಉಸ್ತಾದರನ್ನು ಕೇಳು' ಎಂದು ಕಳುಹಿಸಿ ಮರೆಯದಿರಿ. ತಿಳಿದಿದ್ದರೆ ಹೇಳಿರಿ, ತಿಳಿಯದಿದ್ದರೆ ಜೊತೆಗೆ ಬಂದು ನಮ್ಮನ್ನು ಕೇಳಿರಿ. ನಮಗೂ ತಿಳಿಯದಿದ್ದರೆ ನಮಗಿಂತ ತಿಳಿದವರನ್ನು ನಾವು ಕೇಳುತ್ತೇವೆ. ಮದೀನಾದಿಂದ ಇಲ್ಲಿಯವರೆಗೆ ಜ್ಞಾನವು ಸಾಗಿ ಬಂದುದು ಹೀಗೆಯೇ. ಅಲ್ಲಾಹನು ನಮ್ಮ ಮಕ್ಕಳಿಗೆ ಕೇಳುವ ನಾಲಗೆಯನ್ನೂ ಗ್ರಹಿಸುವ ಹೃದಯವನ್ನೂ, ಅವರಿಗೆ ಕಲಿಸುವ ನಮಗೆ ಸಹನೆಯನ್ನೂ ಕರುಣಿಸಲಿ. ಆಮೀನ್.